ಅಪ್ಪ ಆರಿಸಿದ ಕ್ಯಾಸಿನೊ

ಗೋವಾದಲ್ಲಿ ಯಾವ ಕ್ಯಾಸಿನೊಗೆ ಹೋಗಬೇಕೆಂದು ತೀರ್ಮಾನಿಸಲು ನನ್ನ ಅಪ್ಪ ಕೆಂಚಯ್ಯನವರಿಗೆ ಎರಡು ತಿಂಗಳು ಹಿಡಿಯಿತು. ನನಗೆ ಗಂಡು ಹುಡುಕುವಾಗಲೂ ಅವರು ಅಷ್ಟು ವಿಚಾರಿಸಿರಲಿಲ್ಲ. ಆಗ ಅವರಿಗೆ ಅರವತ್ತೈದು ವರ್ಷ. ಗೋವಾ ನೋಡಿದವರಲ್ಲ, ಹುಟ್ಟಿದಾಗಿನಿಂದ ಒಂದು ಎಲೆ ಇಸ್ಪೀಟು ಆಡಿದವರಲ್ಲ, ಆಡುವ ಆಸೆಯೂ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಒಂದೇ. ಅರಸೀಕೆರೆಯ ಚನ್ನಬಸವಯ್ಯ ಒಂದು ಬಾಗಿಲ ಹೊರಗೆ ನಿಲ್ಲಬೇಕು, ಅದೇ ಬಾಗಿಲಲ್ಲಿ ತಾನು ಒಳಗೆ ಹೋಗಬೇಕು.

ಕಾರಣ ಹೇಳುತ್ತೇನೆ. ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಅಪ್ಪ ಅರಸೀಕೆರೆಯ ಒಂದು ಕ್ಲಬ್ಬಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದರು. ಸಂಜೆ ಬೀಗ ತೆಗೆದು ಕಸ ಗುಡಿಸುವುದು, ಕುರ್ಚಿ ಹಾಕುವುದು, ಬಂದವರ ಚಪ್ಪಲಿ ಮೂಲೆಗೆ ಜೋಡಿಸುವುದು, ಬೀರುವಿನಿಂದ ಇಸ್ಪೀಟು ತಂದಿಡುವುದು ಅವರ ಕೆಲಸ. ಕಾಫಿ ಮಾತ್ರ ಹೋಟೆಲಿನವನೇ ತರುತ್ತಿದ್ದ, ಅಪ್ಪ ತಂದರೆ ಕುಡಿಯುವವರಿರಲಿಲ್ಲ. ಇಸ್ಪೀಟಿನಲ್ಲೂ ಅಷ್ಟೆ. ಕಾಗದ ಒಡೆಯದ ಪ್ಯಾಕು ಅಪ್ಪ ತರಬಹುದು, ಒಡೆದ ಮೇಲೆ ಎಲೆ ಮುಟ್ಟುವಂತಿಲ್ಲ. ಇದು ಗೋಡೆಯ ಮೇಲೆ ತೂಗುಹಾಕಿದ ನಿಯಮಗಳ ಬೋರ್ಡಿನಲ್ಲಿ ಇರಲಿಲ್ಲ. ಇದು ಸೆಕ್ರೆಟರಿ ಚನ್ನಬಸವಯ್ಯನವರ ರೂಲು. ಕೊಬ್ಬರಿ ಮಂಡಿಯ ಯಜಮಾನರು, ಬಿಳಿ ಪಂಚೆ, ಬಿಳಿ ಜುಬ್ಬ. ಯಾರು ಏನು ಕೇಳಿದರೂ ಅವರದು ಒಂದೇ ಮಾತು: "ರೂಲ್ಸ್ ಅಂದ್ರೆ ರೂಲ್ಸು ಕಣಯ್ಯ."

ಎಂಬತ್ತಾರರ ದೀಪಾವಳಿಯ ಮಾರನೆಯ ದಿನ ಕ್ಲಬ್ಬಿನಲ್ಲಿ ಬೆಳಗಿನಿಂದಲೇ ಆಟ. ರೈಲ್ವೆಯವರೊಬ್ಬರು ಹೊರಗೆ ಹೋಗಬೇಕಾಗಿ ಬಂದು, ಅವಸರದಲ್ಲಿ ತಮ್ಮ ಕೈಯಲ್ಲಿದ್ದ ಹದಿಮೂರು ಎಲೆಯನ್ನು ಅಪ್ಪನ ಕೈಗೆ ತುರುಕಿ, "ಹಿಡ್ಕೊಂಡಿರಪ್ಪ, ಬಂದೆ" ಎಂದು ಹೋದರು. ಅಪ್ಪ ಹಿಡಿದುಕೊಂಡು ನಿಂತರು. ಚನ್ನಬಸವಯ್ಯ ತಲೆ ಎತ್ತಿ ನೋಡಿದರು. ಬೈಯಲಿಲ್ಲ. ತಮ್ಮ ಕೈಯ ಎಲೆಗಳನ್ನು ಮೇಜಿನ ಮೇಲೆ ಹಾಕಿ, "ಎಸಿ. ಹೊಸದು ತಾ" ಎಂದರು. ಏಳೆಂಟು ಜನ ನೋಡುತ್ತಿದ್ದಂತೆ ಅಪ್ಪನೇ ಮೇಜಿನ ಎಲೆಯನ್ನೆಲ್ಲ ಬಾಚಿ ತೆಗೆದು, ಅಪ್ಪನೇ ಹೊಸದು ತಂದಿಟ್ಟರು.

ಆ ಹಳೆಯ ಎಲೆ ನಮ್ಮ ಮನೆಗೆ ಬಂತು. ನಾನಾಗ ನಾಲ್ಕನೇ ಕ್ಲಾಸು. ನಾನೂ ತಮ್ಮ ಧರ್ಮೇಶನೂ ಅದರಲ್ಲಿ ಕತ್ತೆ ಆಟ ಆಡುತ್ತಿದ್ದೆವು. ಅಪ್ಪ ಮಾತ್ರ ಎಷ್ಟು ಕರೆದರೂ ಬಂದು ಕೂರಲಿಲ್ಲ. ಯಾಕೆಂದು ಅವ್ವ ಹೇಳಿದ್ದು ನಾನು ಟೀಚರ್ ಟ್ರೈನಿಂಗ್ ಮುಗಿಸಿದ ಮೇಲೆ. ಅಷ್ಟು ವರ್ಷ ಆ ಎಲೆಗಳಲ್ಲಿ ನಕ್ಕು ಆಡಿದ್ದೆನಲ್ಲ ಎಂದು ನನಗೆ ಹೇಸಿಗೆಯಾಯಿತು.

ನಾನು ಹಳೇಬೀಡಿನಲ್ಲಿ ಮೇಡಂ ಆದೆ, ಧರ್ಮೇಶ ಬ್ಯಾಂಕು ಸೇರಿದ. ಅಪ್ಪ ನಿವೃತ್ತರಾದ ಮೇಲೆ ಕ್ಲಬ್ಬೂ ಮುಚ್ಚಿತು. ಎರಡು ಸಾವಿರದ ಒಂಬತ್ತರಲ್ಲಿ ಧರ್ಮೇಶ, "ಎಲ್ಲಿಗಾದ್ರೂ ಟೂರ್ ಹೋಗಿ ಬನ್ನಿ, ಖರ್ಚು ನಂದು" ಎಂದ. ನಾಗಪುರದ ದೀಕ್ಷಾಭೂಮಿ ಎನ್ನುತ್ತಾರೆಂದು ನಾವು ಕಾದಿದ್ದೆವು. ಅಪ್ಪ, "ಗೋವಾ. ಕ್ಯಾಸಿನೊ. ಚನ್ನಬಸವಯ್ಯನೋರ್ನೂ ಕರ್ಕಂಡ್ ಹೋಗ್ಬೇಕು" ಎಂದರು.

ಅವ್ವ ಮುತ್ತಮ್ಮ ಮೊರ ಕೆಳಗಿಟ್ಟಳು. "ಅವುರ್ಗೆ ಅದೆಲ್ಲ ಗ್ಯಾನ ಇದ್ದಾತಾ? ಆವತ್ತೇ ಮರ್ತಿರ್ತಾರೆ. ನೀವೊಬ್ರೇ ಹೊತ್ಕಂಡು ತಿರುಗ್ತೀರ."

ಆ ಮಾತು ಅಪ್ಪನಿಗೆ ನಾಟಿತು. ಎಂಬತ್ತಾರರ ದೀಪಾವಳಿಗಿಂತ ಹೆಚ್ಚು ನಾಟಿತೇನೋ.

ಮುಂದಿನ ವಾರವೇ ಬಸ್ಸು ಹಿಡಿದು ಹಳೇಬೀಡಿಗೆ ಬಂದರು. ಧರ್ಮೇಶ ಇಂಟರ್‌ನೆಟ್ಟಿನಿಂದ ನಾಲ್ಕು ಕ್ಯಾಸಿನೊಗಳ ವಿವರ ತೆಗೆದು ಕಳಿಸಿದ್ದ. ನಾನು ಓದಿ ಹೇಳುತ್ತಾ ಹೋದೆ. ಒಂದರಲ್ಲಿ ಊಟ ಬಿಟ್ಟಿ, ಒಂದರಲ್ಲಿ ಹಾಡು ಕುಣಿತ, ಒಂದು ಹೊಳೆಯ ಮೇಲಿನ ಹಡಗಿನಲ್ಲಿ. ಹೊಸಬರು ಎಷ್ಟು ಹೊತ್ತು ಇರಬೇಕು, ಯಾವ ಆಟ ಸುಲಭ ಎಂದೂ ಬರೆದಿದ್ದರು. ಅಪ್ಪ ಅದೊಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಬಾಗ್ಲಲ್ಲಿ ಯಾರ್ನ ಬುಡಾಕಿಲ್ಲ ಅಂತ ಕೇಳವ್ವ" ಎಂದರು.

ನಾಲ್ಕೂ ಕಡೆ ಫೋನು ಮಾಡಿದೆ. ಮೊದಲ ಎರಡರಲ್ಲಿ ಹೇಗೆ ಬಂದರೂ ನಡೆಯುತ್ತದೆ ಎಂದರು. ಮೂರನೆಯದರಲ್ಲಿ ಶೂ ಇಲ್ಲದವರಿಗೆ ಬಾಡಿಗೆ ಶೂ ಕೊಡುತ್ತಾರಂತೆ. ನಾಲ್ಕನೆಯದರಲ್ಲಿ ಒಂದು ಹೆಣ್ಣು ದನಿ ಬಾಯಿಪಾಠ ಒಪ್ಪಿಸಿದಂತೆ ಹೇಳಿತು: ಗಂಡಸರಿಗೆ ಪ್ಯಾಂಟು, ಕಾಲರ್ ಶರ್ಟು, ಶೂ ಕಡ್ಡಾಯ, ಪಂಚೆ ಚಪ್ಪಲಿಗೆ ಪ್ರವೇಶವಿಲ್ಲ, ಯಾರೇ ಬಂದರೂ ವಿನಾಯಿತಿಯಿಲ್ಲ.

"ಅದೇ ಆಗ್ಲಿ" ಎಂದರು ಅಪ್ಪ. ಚನ್ನಬಸವಯ್ಯನವರ ಎಡಗಾಲು ಊದಿಕೊಂಡಿರುತ್ತದೆ, ಶೂ ಹತ್ತುವುದಿಲ್ಲ. ಅಪ್ಪನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಮೂವತ್ತು ವರ್ಷ ಆ ಚಪ್ಪಲಿ ಜೋಡಿಸಿದವರು.

ಆ ಸಂಜೆ ದೇವಸ್ಥಾನದ ಮುಂದೆ ನಡೆಯುವಾಗ ಚಪ್ಪಲಿ ಬಿಡುವ ಜಾಗದಲ್ಲಿ ಪ್ರವಾಸಿಗರ ಶೂಗಳು ರಾಶಿ ಬಿದ್ದಿದ್ದವು. ಅಪ್ಪ ನಿಂತು ಒಂದೊಂದನ್ನೇ ನೋಡಿ, "ಇಂಥವು ತಗಬೇಕು" ಎಂದು ಒಂದು ಕರಿ ಜೋಡನ್ನು ತೋರಿಸಿದರು. ಮಾರನೆಯ ದಿನ ಬೇಲೂರಿಗೆ ಹೋಗಿ ಅಂಥದ್ದನ್ನೇ ಕೊಂಡೆವು. ಹೊರಡುವವರೆಗೂ ಮನೆಯೊಳಗೆ ಹಾಕಿಕೊಂಡು ಓಡಾಡಿ ರೂಢಿ ಮಾಡಿಕೊಂಡರು.

ಚನ್ನಬಸವಯ್ಯ ಒಂದೇ ಮಾತಿಗೆ ಒಪ್ಪಿದರು. ಆಟದ ಹುಚ್ಚು, ಕರೆದುಕೊಂಡು ಹೋಗುವ ಮಕ್ಕಳಿಲ್ಲ. ಅಪ್ಪ ಮೋಸ ಮಾಡಲಿಲ್ಲ. ನನ್ನಿಂದ ನಿಯಮಗಳನ್ನೆಲ್ಲ ಕನ್ನಡದಲ್ಲಿ ಬರೆಸಿ ಅವರ ಕೈಗೇ ಕೊಟ್ಟರು. "ಇದೆಲ್ಲ ನಮಗಲ್ಲ ಬಿಡಯ್ಯ" ಎಂದು ಅವರು ಓದದೆ ಮಡಚಿ ಜೇಬಿಗಿಟ್ಟುಕೊಂಡರು.

ಮಾಂಡೋವಿ ಹೊಳೆಯ ದಡಕ್ಕೆ ನಾವು ಮೂವರು ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ನಡುನೀರಿನಲ್ಲಿ ಹಡಗು, ದಡದಲ್ಲಿ ದೋಣಿ ಹತ್ತುವ ಬಾಗಿಲು. ಕೋಟು ಹಾಕಿದ ಕಾವಲುಗಾರ ಗದಗದವನಂತೆ. ಅಪ್ಪನ ಶೂ ನೋಡಿದ, ಬಿಟ್ಟ. ನನ್ನನ್ನೂ ಬಿಟ್ಟ. ಚನ್ನಬಸವಯ್ಯನವರಿಗೆ ಕೈ ಅಡ್ಡ ಹಿಡಿದ.

"ಚಪ್ಲಿ, ಧೋತ್ರ ನಡೆಯಂಗಿಲ್ರಿ ಯಜಮಾನ್ರ."

"ಅಲ್ಲಯ್ಯ, ನಾನು ಇಪ್ಪತ್ತೆರಡು ವರ್ಷ ಕ್ಲಬ್ಬಿನ ಸೆಕ್ರೆಟರಿ ಆಗಿದ್ದೋನು."

"ಇರಬಹುದ್ರಿ. ನನ್ನ ನೌಕರಿ ಹೋಗ್ತೇತ್ರಿ."

ಚನ್ನಬಸವಯ್ಯ ಅಪ್ಪನ ಕಡೆ ತಿರುಗಿದರು. ಅಪ್ಪ ಇಸ್ತ್ರಿ ಮಾಡಿದ ಕಾಲರ್ ಸರಿಪಡಿಸಿಕೊಂಡರು. "ರೂಲ್ಸ್ ಅಂದ್ರೆ ರೂಲ್ಸು ಸಾರ್. ನಮ್ ಬ್ಯಾಗು ಇಲ್ಲೇ ಮಡಗಿರ್ತೀವಿ, ವಸಿ ನೋಡ್ಕಂಡಿರಿ."

ದೋಣಿ ಹೊರಟಾಗ ತಿರುಗಿ ನೋಡಿದೆ. ಎಪ್ಪತ್ತನಾಲ್ಕರ ಮುದುಕ ಬಿಸಿಲಲ್ಲಿ ನಮ್ಮ ಬ್ಯಾಗುಗಳ ಪಕ್ಕದಲ್ಲಿ ನಿಂತಿದ್ದ. ಪಾಪ ಎನಿಸಬೇಕಿತ್ತು. ಎನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು.

ಒಳಗೆ ಮೂರೆಲೆ ಆಟದ ಮೇಜಿನಲ್ಲಿ ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಕುತ್ತಿಗೆಗೆ ಬೋ ಕಟ್ಟಿದ ಹುಡುಗಿ "ಸರ್" ಎಂದು ಎಲೆ ಹಂಚಿದಳು. ಬಾಯಾರಿಕೆ ಇಲ್ಲದಿದ್ದರೂ ಅಪ್ಪ ನೀರು ಕೇಳಿದರು. ತಟ್ಟೆಯಲ್ಲಿಟ್ಟು ತಂದುಕೊಟ್ಟರು, ಕುಡಿದರು. ಎರಡು ಆಟ ಸೋತು ಒಂದು ಗೆದ್ದರು. ಆಮೇಲೆ ಹುಡುಗಿ, ಅಪ್ಪ ಈಗಷ್ಟೇ ಕೆಳಗಿಟ್ಟ ಎಲೆಗಳನ್ನೂ ಸೇರಿಸಿ ಎಲ್ಲವನ್ನೂ ಬಾಚಿ ಪಕ್ಕಕ್ಕೆ ಹಾಕಿ, ಹೊಸ ಪ್ಯಾಕು ಒಡೆದಳು.

ಅಪ್ಪ ಎದ್ದು ನಿಂತುಬಿಟ್ಟರು. "ಯಾಕ್ ಎಸುದ್ಲು, ಕೇಳು."

ಕೇಳಿದೆ. ಇಷ್ಟು ಹೊತ್ತಿಗೊಮ್ಮೆ ಎಲ್ಲ ಮೇಜಿನಲ್ಲೂ ಬದಲಾಯಿಸುತ್ತೇವೆ, ಯಾರು ಆಡಿದ್ದರೂ ಸರಿ ಎಂದಳು. ಅಪ್ಪ ನಂಬಲಿಲ್ಲ. ಪಕ್ಕದ ಮೇಜಿನ ಹತ್ತಿರ ಹೋಗಿ ನಿಂತರು. ಅಲ್ಲಿ ಉಂಗುರಗಳ ಕೈಯ ಸೇಠು ಆಡುತ್ತಿದ್ದ. ಅವನು ಮುಟ್ಟಿದ ಎಲೆಗಳನ್ನೂ ಬಾಚಿ ತೆಗೆದರು.

"ಇಲ್ಲಿ ಯಾರ್ ಕೈಯೂ ಚೊಕ್ಕ ಅಲ್ಲ ಅನ್ನು" ಎಂದರು ಅಪ್ಪ. ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ತೆಗೆದುಹಾಕಿದ ಎಲೆಗೆ ತೂತು ಹೊಡೆದು ನೆನಪಿಗೆಂದು ಕೊಡುತ್ತಾರಂತೆ. ಅಂಥದೊಂದು ಪ್ಯಾಕು ಕೇಳಿ ಪಡೆದರು. ದಡಕ್ಕೆ ಬಂದು, "ನಾನು ಆಡಿದ್ದು ಸಾರ್" ಎಂದು ಚನ್ನಬಸವಯ್ಯನವರ ಕೈಗಿಟ್ಟರು. ಅವರು ಅದನ್ನು ಜುಬ್ಬದ ಜೇಬಿಗೆ ಹಾಕಿಕೊಂಡರು.

ರೈಲಿನಲ್ಲಿ ಬೆಳಗಾದಾಗ ಹರಿಹರ ದಾಟಿತ್ತು. ಚನ್ನಬಸವಯ್ಯನವರ ಕೈ ಸುಮ್ಮನಿರಲಿಲ್ಲ. ಸೀಟಿನ ಮೇಲೆ ಟವೆಲ್ ಹಾಸಿ, ತೂತಿನ ಪ್ಯಾಕು ತೆಗೆದು, ಎರಡು ಕೈ ಹಂಚಿದರು. "ಬನ್ನಿ ಕೆಂಚಯ್ಯನವರೇ, ಅರಸೀಕೆರೆ ತನಕ ಹೊತ್ತು ಹೋಗುತ್ತೆ." ಬನ್ನಿ ಎಂದರು. ನವರೇ ಎಂದರು. ನಾನಾಗಿದ್ದರೆ ಅಲ್ಲಿಗೇ ಕರಗುತ್ತಿದ್ದೆನೇನೋ.

ಅಪ್ಪ ತಮ್ಮ ಮುಂದಿದ್ದ ಎಲೆಗಳನ್ನು ಮುಟ್ಟಲಿಲ್ಲ. ಬಹಳ ಮೆತ್ತಗೆ ಹೇಳಿದರು:

"ಎಸೀರಿ. ಹೊಸದು ತನ್ನಿ."

ಚನ್ನಬಸವಯ್ಯ ಯಾಕೆ ಎಂದು ಕೇಳಲಿಲ್ಲ. ಅವರ ಮುಖ ಕೆಳಗಾಯಿತು, ಕಿವಿ ಕೆಂಪಾದವು. ಅಪ್ಪ ಆ ಮುಖವನ್ನೇ ನೋಡುತ್ತಿದ್ದರು, ರೆಪ್ಪೆ ಮುಚ್ಚದೆ. ದಾವಣಗೆರೆ ಬಂತು. ಚನ್ನಬಸವಯ್ಯ ಎಲೆಗಳನ್ನೆಲ್ಲ ಬಾಚಿಕೊಂಡು ಇಳಿದು, ಕಸದ ಡಬ್ಬಿಗೆ ಹಾಕಿ, ಊದಿದ ಕಾಲೆಳೆಯುತ್ತ ಇಸ್ಪೀಟೂ ಮಾರುವ ಪ್ಲಾಟ್‌ಫಾರ್ಮಿನ ಪುಸ್ತಕದಂಗಡಿಯ ಕಡೆ ನಡೆದರು. ಅವರು ಬರುವುದರೊಳಗೆ ರೈಲು ಹೊರಟುಬಿಡಲಿ ಎಂದು ನಾನು ಹಾರೈಸಿದೆ. ಹೊರಟಿತು ಕೂಡ, ಆದರೆ ಕಡ್ಲೆಕಾಯಿ ಮಾರುವವನು ಅವರ ರಟ್ಟೆ ಹಿಡಿದು ಮೇಲೆಳೆದುಕೊಂಡ. ಅಪ್ಪ ಕೂತಲ್ಲಿಂದ ಏಳಲಿಲ್ಲ.

ಹೊಸ ಪ್ಯಾಕಿನ ಕಾಗದವನ್ನು ಚನ್ನಬಸವಯ್ಯನವರೇ ಒಡೆದರು. ಅರಸೀಕೆರೆ ಬರುವವರೆಗೆ ಅವರೇ ಹಂಚಿದರು, ಅಪ್ಪ ಆಡಿದರು.

ಮನೆ ಬಾಗಿಲಲ್ಲಿ ಅವ್ವ ಕೈಕಾಲು ತೊಳೆಯಲು ನೀರು ತಂದಿಟ್ಟು, "ಗೆದ್ರಾ?" ಎಂದಳು.

ಅಪ್ಪ ಬಗ್ಗಿ ಶೂ ದಾರ ಬಿಚ್ಚುತ್ತಿದ್ದರು. "ಅವುರ್ಗೆ ಗ್ಯಾನ ಇತ್ತು ಕಣೇ" ಎಂದರು.