ಗೀರು ಬಿದ್ದ ಆನೆಮರಿ

ಸಾಲ್ಟ್ ಲೇಕ್‌ನ ಪಾರ್ಕಿನೊಳಗಿರುವ ಈ ಪುಟ್ಟ ಆ್ಯನಿಮೇಷನ್ ಸಂಗ್ರಹಾಲಯಕ್ಕೆ ಅತ್ತಿಗೆಯೇ ನನ್ನನ್ನು ಕರೆತಂದರು. ತೀರಿಕೊಂಡ ನನ್ನ ಅಣ್ಣ ಇಲ್ಲಿಯ ಸ್ಟುಡಿಯೊ ಒಂದರಲ್ಲಿ ಕಾರ್ಟೂನ್ ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದ. ಕಂಪ್ಯೂಟರ್ ಬಂದ ಮೇಲೆ ಆ ಕೆಲಸವೇ ನಿಂತುಹೋಯಿತು.

ಇಲ್ಲಿ ಕಾವಲಿಗಿರುವ ದಾಸ್‌ಬಾಬು ಒಂದು ಕಾಲದಲ್ಲಿ ಅಣ್ಣನ ಪಕ್ಕದ ಮೇಜಿನವರು. ನಮ್ಮನ್ನು ನೇರವಾಗಿ ಮೂಲೆಯ ಚೌಕಟ್ಟಿನ ಮುಂದೆ ನಿಲ್ಲಿಸಿದರು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಹಳದಿ ಆನೆಮರಿ. ಸೊಂಡಿಲಿನಿಂದ ಕಾಲಿನವರೆಗೆ ಉದ್ದನೆಯ ಗೀರು.

"ಅವನದು ಇದೊಂದೇನಾ?" ಎಂದೆ.

"ಶೂಟಿಂಗ್ ಮುಗಿದ ಹಾಳೆಗಳನ್ನು ತೊಳೆದು ಮತ್ತೆ ಬಳಸುತ್ತಿದ್ದೆವು, ಬೌದಿ," ಎಂದು ಅವರು, ಬಂಗಾಳಿಯಲ್ಲಿ ಅತ್ತಿಗೆ ಎಂದೇ ಕರೆದು, ಹಿಂದಿಯಲ್ಲಿ ಅತ್ತಿಗೆಗೇ ಹೇಳಿದರು. "ಗೀರು ಬಿದ್ದದ್ದನ್ನು ಮಾತ್ರ ಮೂಲೆಗೆ ಎಸೆಯುತ್ತಿದ್ದೆವು. ಸ್ಟುಡಿಯೊ ಮುಚ್ಚಿದಾಗ ಉಳಿದದ್ದು ಅವೇ. ಕೆಲಸಕ್ಕೆ ಕೂರುವಾಗ ಉಂಗುರ ತೆಗೆದಿಡಬೇಕಿತ್ತು. ಹೊಸದಾಗಿ ಮದುವೆಯಾಗಿದ್ದವನು, ಎಷ್ಟು ಹೇಳಿದರೂ ತೆಗೆಯಲಿಲ್ಲ."

ಆಮೇಲೆ ಗಮನಿಸಿದರೆ ಗೋಡೆಯ ಒಂದೊಂದು ಚಿತ್ರದಲ್ಲೂ ಏನಾದರೊಂದು ಊನವಿತ್ತು. ಅತ್ತಿಗೆ ತಮ್ಮ ಬೆರಳಲ್ಲಿದ್ದ ಗಂಡಸರ ಉಂಗುರವನ್ನು, ಸಡಿಲವೆಂದು ದಾರ ಸುತ್ತಿಕೊಂಡಿದ್ದನ್ನು, ತಿರುಗಿಸುತ್ತ ನಿಂತಿದ್ದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಹುಲ್ಲಿನ ಮೇಲೆ ಐಟಿ ಕಂಪನಿಯ ಹುಡುಗ ಹುಡುಗಿಯರು ಕೊರಳ ಟ್ಯಾಗನ್ನು ಬೆನ್ನಿಗೆ ಎಸೆದುಕೊಂಡು ಖಾರದ ಮಂಡಕ್ಕಿ ಝಾಲ್‌ಮುರಿ ತಿನ್ನುತ್ತ ನಗುತ್ತಿದ್ದರು.

"ಅವತ್ತು ನಿಮ್ಮಣ್ಣ ಮನೆಗೆ ಬಂದು, ನೀನು ತೊಡಿಸಿದ ಉಂಗುರದಿಂದ ಒಂದು ಚಿತ್ರ ಹಾಳಾಯ್ತು ಅಂತ ರೇಗಿದ್ರು ಕಣೋ," ಎಂದರು ಅತ್ತಿಗೆ. "ನಾನು ಮೂರು ದಿನ ಮಾತೇ ಆಡ್ಸಿರ್ಲಿಲ್ಲ."