ಶವವಾಹನದ ಸಾರಥಿ ರೇಸಿಗಿಳಿದದ್ದು

ಆಸ್ಪತ್ರೆಯಿಂದ ಸ್ಮಶಾನಕ್ಕೆ ಶವವಾಹನ ಓಡಿಸುವ ನಮ್ಮ ಕಥಾನಾಯಕನ ಮೇಲೆ ಇದುವರೆಗೆ ಒಬ್ಬ ಪ್ರಯಾಣಿಕನೂ ದೂರು ಕೊಟ್ಟಿಲ್ಲ. ಕೊಡುವ ಸ್ಥಿತಿಯಲ್ಲಿ ಅವರಿರುವುದಿಲ್ಲ ಎನ್ನುವುದು ಕುಹಕಿಗಳ ಮಾತು. ಗುಂಡಿಗೆ ಇಳಿದರೂ ಕುಲುಕಬಾರದು, ಸ್ಮಶಾನದ ಗೇಟಿನ ಮುಂದೆ ನಿಂತರೆ ಹಿಂದೆ ಕೂತು ಅಳುವವರಿಗೆ ನಿಂತದ್ದೇ ತಿಳಿಯಬಾರದು. ಇದು ಅವನು ವರ್ಷಗಟ್ಟಲೆ ತಪಸ್ಸು ಮಾಡಿ ಒಲಿಸಿಕೊಂಡ ವಿದ್ಯೆ.

ಇಂಥ ಮಹಾನುಭಾವನಿಗೆ ಐವತ್ತು ದಾಟಿದ ಮೇಲೆ ಕಾರ್ ರೇಸಿನ ವಿಡಿಯೋ ಗೇಮಿನ ಹುಚ್ಚು ಹಿಡಿಯಿತು. ಬಾಮೈದ ಹೊಸ ಗೇಮ್ ಯಂತ್ರ ಕೊಂಡು ಹಳೆಯದನ್ನು ಭಾವನ ಮನೆಗೆ ಸಾಗಹಾಕಿದ್ದ. ಆಟದೊಳಗೆ ಒಂದು ದ್ವೀಪವೇ ಇತ್ತು. ರೇಸಿಗೆ ಹೋಗಲೇಬೇಕೆಂದಿಲ್ಲ, ಮನಸ್ಸು ಬಂದ ರಸ್ತೆಗೆ ಗಾಡಿ ತಿರುಗಿಸಬಹುದು. ಮಳೆ ಬಂದರೆ ಗಾಜಿನ ಮೇಲೆ ಹನಿ ಜಾರುತ್ತಿತ್ತು, ಒದ್ದೆ ಟಾರಿನಲ್ಲಿ ಬೀದಿದೀಪಗಳು ಹೊಳೆಯುತ್ತಿದ್ದವು. ಸಮುದ್ರದಂಚಿನ ರಸ್ತೆಯಲ್ಲಿ, ಹಿಂದಿನ ಸೀಟಿನಲ್ಲಿ ಅಳುವವರಿಲ್ಲದೆ, ಅವನೊಬ್ಬನೇ ಹೋಗುತ್ತಿದ್ದ. ಸಂಜೆಯ ಆ ಒಂದು ಗಂಟೆಗಾಗಿ ಇಡೀ ದಿನ ಕಾಯುತ್ತಿದ್ದ.

ಹಾಗೆಂದು ಆಟವನ್ನು ತಲೆಯ ಮೇಲೆ ಹೊತ್ತು ಮೆರೆಸಲಿಲ್ಲ. ದೀಪದ ಕಂಬಕ್ಕೆ ಗುದ್ದಿದರೆ ಕಂಬ ಮುರಿಯುತ್ತದೆ, ಕಾರಿಗೆ ಗೀರೂ ಬೀಳುವುದಿಲ್ಲ. ಪೆಟ್ರೋಲ್ ಮುಗಿಯುವುದಿಲ್ಲ. ಎಷ್ಟೇ ಹಿಂದೆ ಹಾಕಿದರೂ ಎದುರಾಳಿಗಳು ಸಾಲ ಕೊಟ್ಟವರಂತೆ ಬೆನ್ನಿಗೆ ಬರುತ್ತಾರೆ. ಒಂದು ರೇಸ್ ಆಡಿದರೆ ಮಿಕ್ಕವನ್ನೆಲ್ಲ ಆಡಿದಂತೆ.

ಆದರೆ ಟಿವಿ ಇದ್ದದ್ದು ಒಂದೇ. ಹೆಂಡತಿಯ ಸಹನೆ ಮುಗಿಯಿತು.

"ರೇಸ್ ಆಟದಲ್ಲಿ ಸಿಗ್ನಲ್‌ಗೆ ನಿಲ್ತೀರಲ್ಲ ರೀ, ಅದಕ್ಕೆ ಟಿವಿ ಯಾಕೆ? ಕಿಟಕೀಲಿ ನೋಡಿದ್ರೆ ಸಾಲದಾ? ಭಾನುವಾರ ಒಂದೇ ಒಂದು ರೇಸ್ ಗೆದ್ದು ತೋರ್ಸಿ. ಇಲ್ಲಾಂದ್ರೆ ಇದು ನನ್ನ ತಮ್ಮನ ಮನೆಗೆ ವಾಪಸ್."

ಭಾನುವಾರ ಬಾಮೈದ ರಟ್ಟಿನ ಪೆಟ್ಟಿಗೆ ಸಮೇತ ಹಾಜರಾದ. ಹೆಂಡತಿ ಕುರ್ಚಿ ಎಳೆದುಕೊಂಡು ತೀರ್ಪುಗಾರ್ತಿಯಾದಳು.

ಬೆಟ್ಟದ ನೆತ್ತಿಯಿಂದ ಬಂದರಿನವರೆಗೆ ಪಂದ್ಯ. ನಮ್ಮ ವೀರ ಹಲ್ಲು ಕಚ್ಚಿ ಹೊರಟ. ಎಲ್ಲರೂ ತಿರುವಿನಲ್ಲಿ ಜಾರಿ ಬೇಲಿಗೆ ಬೀಳುವಾಗ ಇವನ ಗಾಡಿ ನೂಲು ಹಿಡಿದಂತೆ ಸಾಗಿತು. ಒಬ್ಬನನ್ನು ಹಿಂದೆ ಹಾಕಿದ, ಇನ್ನೊಬ್ಬನನ್ನು ಹಾಕಿದ, ಬಂದರಿನ ಬೀದಿಗೆ ಬರುವಷ್ಟರಲ್ಲಿ ಮುಂದೆ ಯಾರೂ ಇರಲಿಲ್ಲ.

"ಭಾವ, ಒತ್ತಿ, ಒತ್ತಿ," ಎಂದು ಬಾಮೈದನೇ ಪಕ್ಷ ಬದಲಿಸಿದ.

ಎದುರಿಗೆ ಮುಕ್ತಾಯದ ಕಮಾನು. ಎರಡೂ ಬದಿಗೆ ಕಾದು ನಿಂತ ಜನ. ಗೇಟು, ಇಕ್ಕೆಲದಲ್ಲೂ ಜನ! ಇವನ ಬೆರಳು ಒಡೆಯನ ಅಪ್ಪಣೆಗೂ ಕಾಯದೆ ಮೆಲ್ಲಗೆ ಸಡಿಲವಾಯಿತು. ಗಾಡಿ ಒಂದಿಷ್ಟೂ ಕುಲುಕದೆ ಗೆರೆಯ ಈಚೆ ಗೌರವದಿಂದ ನಿಂತಿತು. ಪಕ್ಕದಲ್ಲಿ ಉಳಿದ ಕಾರುಗಳೆಲ್ಲ ಸುಂಯ್ ಎಂದು ಹೋದವು.

ಬಾಮೈದ ಕೇಳಿದ: "ಅಲ್ಲಿ ಯಾರನ್ನ ಇಳಿಸ್ಬೇಕಿತ್ತು ಭಾವ?"

ನಮ್ಮ ವೀರ ತಾನೇ ಎದ್ದು ವೈರು ಕೀಳಲು ಬಾಗಿದ.

"ಇರಿ. ಬೆಟ್ಟ ಇಳೀವಾಗ ಎಡಗಡೆ ಸಮುದ್ರ ಕಂಡ ಹಾಗಾಯ್ತು. ಅಲ್ಲಿಗೆ ರಸ್ತೆ ಇದೆಯಾ?" ಎಂದಳು ಹೆಂಡತಿ.

"ಇದೆ. ತುದೀಲಿ ದೀಪಸ್ತಂಭ."

"ನಿಮ್ಮ ಓಟದಲ್ಲಿ ಏನೂ ಸರಿಯಾಗಿ ಕಾಣಿಸ್ಲಿಲ್ಲ. ನಿಧಾನಕ್ಕೆ ಕರ್ಕೊಂಡ್ ಹೋಗಿ ನೋಡೋಣ."

"ಅಕ್ಕ, ಮತ್ತೆ ಈ ಪೆಟ್ಟಿಗೆ?"

"ಅದನ್ನ ಹಾಕ್ಕೊಂಡು ಅದ್ರ ಮೇಲೇ ಕೂತ್ಕೋ. ಅಡ್ಡ ನಿಲ್ಬೇಡ."

ಬಾಮೈದ ಕೂತ. ಗಾಡಿ ಬಂದರು ಬಿಟ್ಟು ಕರಾವಳಿಯ ದಾರಿ ಹಿಡಿಯಿತು.

"ಭಾವ, ಮುಂದೆ ಬಲಕ್ಕೆ ಹೋದ್ರೆ ಒಂದು ಸೇತುವೆ ಸಿಗತ್ತೆ."

"ಅವನ ಮಾತು ಕೇಳ್ಬೇಡಿ, ನೀವು ನೇರ ನಡೀರಿ," ಎಂದಳು ಹೆಂಡತಿ, ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತ.