ಕಾಕಾನ ಹೆಗಲ ಮೇಲಿಂದ ಕಂಡ ಕುಸ್ತಿ

ಢಣ್ ಢಣ್ ಢಣಕ್! ಆ ದಿನಗಳಲ್ಲಿ ಹಲಗಿಯ ಈ ಸದ್ದು ಓಣಿಗೆ ಬಂತೆಂದರೆ ಮಿರಜಿನ ನಮ್ಮ ಮನೆಯಲ್ಲಿ ಯಾರ ಕಾಲೂ ನಿಲ್ಲುತ್ತಿರಲಿಲ್ಲ. ಸಾಂಗ್ಲಿಯಲ್ಲಿ ದೊಡ್ಡ ಕುಸ್ತಿ ಇದೆಯೆಂದೇ ಅರ್ಥ. ನನ್ನ ಕಾಕಾ, ಅಪ್ಪನ ತಮ್ಮ, ಅವಲಕ್ಕಿಯನ್ನು ನಿಂತೇ ತಿಂದು ಚಪ್ಪಲಿ ಹುಡುಕುತ್ತಿದ್ದರು.

ಕುಸ್ತಿ ಮೈದಾನಕ್ಕೆ ಹೆಂಗಸರು ಹೋಗುವ ಪದ್ಧತಿಯಿರಲಿಲ್ಲ. ಏಳು ವರ್ಷದ, ಬಾಬ್‌ಕಟ್ಟಿನ ಕಾನ್ವೆಂಟ್ ಹುಡುಗಿಯಾದ ನನಗೆ ಮಾತ್ರ ಸ್ಪೆಷಲ್ ಪರ್ಮಿಶನ್. ಕಾಕಾ ಗಿಡ್ಡ, ಮುಂದೆ ನಿಂತವರ ತಲೆಯ ರುಮಾಲು, ಪಟಕಾಗಳಾಚೆ ಅವರಿಗೇನೂ ಕಾಣುತ್ತಿರಲಿಲ್ಲ. ನನ್ನನ್ನು ಹೆಗಲಿಗೇರಿಸಿಕೊಂಡು ಕೆಳಗಿನಿಂದ ಕೇಳುವರು, ನಾನು ಮೇಲಿನಿಂದ ಹೇಳುವೆ. ರನ್ನಿಂಗ್ ಕಾಮೆಂಟರಿ!

ಆ ವರ್ಷದ ಕೊನೆಯ ಕುಸ್ತಿ. ನಮ್ಮ ಮಿರಜಿನ ಪಕ್ಕದ ಊರು ಖಂಡೇರಾಜುರಿಯ ಪೈಲವಾನ ಎದುರಾಳಿಯನ್ನು ಎತ್ತಿ ಒಗೆದ. ಜನ ಖುಷಿಗೆ ಪಟಕಾ ಬಿಚ್ಚಿ ಮೇಲೆ ತೂರಿದರು. ಅದರಲ್ಲೊಂದು ನನ್ನ ಮುಖದ ಮೇಲೇ ಬಿತ್ತು. ಯಾರದೋ ಬೆವರು, ಕೊಬ್ಬರಿ ಎಣ್ಣೆಯ ವಾಸನೆ, ಕಣ್ಣಿಗೆ ಏನೂ ಕಾಣಲಿಲ್ಲ.

"ಏನಾತವಾ? ಲಗೂನ ಹೇಳ!"

ಸುತ್ತ ಎಲ್ಲರೂ ಕೂಗುತ್ತಿದ್ದದ್ದನ್ನೇ ನಾನೂ ಕೂಗಿದೆ. "ಚಿತ್ ಆದ, ಕಾಕಾ! ಎರಡೂ ಹೆಗಲಾ ನೆಲಕ್ಕ ಹತ್ತಿದುವು!"

ಪಂಚರು ಮಾತ್ರ ಬರೋಬರಿ, ಸಮಬಲ ಎಂದರು. ಯಾರೂ ಗೆಲ್ಲಲಿಲ್ಲ. ಕಾಕಾ ಒಪ್ಪಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅವರ ಜೀವದ ಗೆಳೆಯ, ಆರಗ ಊರಿನ ತಾತ್ಯಾ, ಹೇಳಿದರು:

"ಎಡಗಡೆ ಹೆಗಲಾ ಹತ್ತೇ ಇಲ್ಲೋ. ನಾ ಮುಂದ ಕುಂತ ನೋಡೇನಿ."

"ನಮ್ಮ ಹುಡುಗಿ ನೋಡ್ಯಾಳ. ಕಾನ್ವೆಂಟಿನ್ಯಾಕಿ, ಸುಳ್ಳ ಹೇಳೂದಿಲ್ಲ."

"ಹೌದೌದ, ಅಲ್ಲೆ ಸಿಸ್ಟರುಗೋಳ ಕುಸ್ತಿ ಕಲಸ್ತಾರ ನೋಡ!"

ನಗುನಗುತ್ತ ಶುರುವಾದದ್ದು ಜಗಳವಾಯಿತು. ತಾತ್ಯಾ ನಮ್ಮ ಮನೆಗೆ ಬರುವುದೇ ನಿಂತಿತು. ಮೋರಲ್ ಸೈನ್ಸಿನಲ್ಲಿ ಫುಲ್ ಮಾರ್ಕ್ಸ್ ತೆಗೆಯುವ ನಾನು ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ಮತ್ತೆ ಹೆಗಲ ಮೇಲೆ ಕೂರಿಸುವುದಿಲ್ಲವೆಂಬ ಭಯ. ಮುಂದೆ ಪ್ರತಿ ಮದುವೆಯಲ್ಲೂ ಕಾಕಾ ಆ ಕುಸ್ತಿಯ ಕಥೆ ಹೇಳಿ ನನ್ನತ್ತ ಕೈ ತೋರಿಸುತ್ತಿದ್ದರು. ನಾನು ನೀರಿನ ನೆಪ ಮಾಡಿ ಎದ್ದು ಹೋಗುತ್ತಿದ್ದೆ.

ಈಗ ಮೊಮ್ಮಕ್ಕಳು ಮೊಬೈಲಿನಲ್ಲಿ ರೀಪ್ಲೇ ನೋಡಿ ಇಂಥ ಜಗಳವನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಒಂದು ಮಗುವಿನ ಕಣ್ಣನ್ನು ನಂಬಿ ಜೀವಮಾನವಿಡೀ ವಾದಿಸುವವರು ಈಗೆಲ್ಲಿ? ಆನೆಸ್ಟ್ಲಿ, ಮೊಮ್ಮಕ್ಕಳ ಆ ಸ್ಲೋ ಮೋಷನ್ ಕಂಡಾಗಲೆಲ್ಲ ಕೂತಲ್ಲಿ ಕೂರಲಾಗುವುದಿಲ್ಲ ನನಗೆ.

ಕಾಕಾ ಕೊನೆಗಾಲದಲ್ಲಿ ಮಿರಜಿನ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋಗಿದ್ದೆ. ಎಷ್ಟೋ ವರ್ಷಗಳ ಮೇಲೆ ತಾತ್ಯಾ ಬಂದು, ಮಂಚದ ಪಕ್ಕ ಮೋಸಂಬಿ ಸುಲಿಯುತ್ತ ಕೂತಿದ್ದರು.

"ಬಂದ್ಲ ನೋಡ ನನ್ನ ಸಾಕ್ಷಿ," ಎಂದರು ಕಾಕಾ. "ಕೇಳ ಆಕಿನ್ನ."

ಇನ್ನು ತಡೆಯಲಾಗಲಿಲ್ಲ. "ನಾ ಏನೂ ನೋಡಿಲ್ಲ ಕಾಕಾ. ಮಾರಿ ಮ್ಯಾಲ ಪಟಕಾ ಬಿದ್ದಿತ್ತು. ಸಾರಿ."

ತಾತ್ಯಾ ಗೆದ್ದವರಂತೆ ನಗಲಿಲ್ಲ. ಗೆಳೆಯನ ಕೈ ಹಿಡಿದು, "ಇರ್ಲಿ ಬಿಡೋ, ಹೆಗಲಾ ಹತ್ತಿದ್ದರೂ ಹತ್ತಿರಬೇಕ. ನನಗೂ ಛಲೋ ಕಂಡಿದ್ದಿಲ್ಲ," ಎಂದರು.

ಕಾಕಾ ಗೋಡೆಯತ್ತ ಹೊರಳಿದರು. ನಾನು ಅವರ ಬೆನ್ನನ್ನೇ ನೋಡುತ್ತ ನಿಂತೆ. ಅವರನ್ನು ನಾನು ನೋಡಿದ್ದು ಅದೇ ಕೊನೆ.